ಮೇಷ್ಟರ ಮೂರು ಅಡಾಪ್ಟರು

ಮದ್ದೂರಿನ ಯೋಗಾನರಸಿಂಹ ಮೇಷ್ಟರ ಚಪ್ಪಲಿಯ ಅಸಲು ಅಟ್ಟೆಗೆ ಹನ್ನೊಂದು ವರ್ಷಗಳಿಂದ ಭೂಸ್ಪರ್ಶವೇ ಆಗಿಲ್ಲ. ಕೊಂಡ ದಿನವೇ ಅದರಡಿಗೆ ಟಯರಿನ ಅಟ್ಟೆ ಹೊಲಿಸಿದರು. ಅದು ಸವೆದರೆ ಮತ್ತೊಂದು. ನಿವೃತ್ತ ವಿಜ್ಞಾನ ಶಿಕ್ಷಕರಾದ ಅವರು ಕಲ್ಲು ಕಂಡಲ್ಲಿ ಸುತ್ತಿ ಬಳಸಿಕೊಂಡು, ಟಪ್ ಟಪ್ಪೆಂದು ಗಜಗಮನದಲ್ಲಿ ಬರುವುದು ಬೀದಿಯ ತಿರುವಿನಲ್ಲೇ ನೆರೆಮನೆಯ ನಮಗೆ ಕೇಳಿಸುತ್ತದೆ. "ಮೂಲಕ್ಕೆ ಧಕ್ಕೆ ಬರಬಾರದಪ್ಪ" ಎಂಬುದು ಅವರ ಜೀವಮಂತ್ರ.

ಪರೀಕ್ಷೆ ಬರೆದು ಪರವಾನಗಿ ಪಡೆದು ಕೊಂಡ, ದೂರದವರೊಡನೆ ಮಾತಾಡುವ ಹ್ಯಾಮ್ ಕೈರೇಡಿಯೊಗೂ ಇದೇ ದೀಕ್ಷೆ. ದಿನವೂ ಸಂಜೆ ಆರಕ್ಕೆ ಅದರ ಗಿಡ್ಡ ಆಂಟೆನಾ ಬಿಚ್ಚಿ, ತಾರಸಿಯ ದೊಡ್ಡ ಆಂಟೆನಾದ ಕೇಬಲ್ಲನ್ನು ತಿರುಪಿ ಕೂರಿಸಿ, ಕಿರುಗಾವಲಿನ ಹ್ಯಾಮ್ ಗೆಳೆಯ, ಆಲೆಮನೆ ಶಿವರಾಜುವಿನೊಡನೆ ಮಾತಾಡಬೇಕು. ಹೀಗೆ ಬಿಚ್ಚಿ ಹಾಕುತ್ತಿದ್ದರೆ ರೇಡಿಯೊದ ತಿರುಪು ಸವೆಯದೆ? ಅದಕ್ಕೇ ಎರಡೂ ಕಡೆ ತಿರುಪಿರುವ, ಹೆಬ್ಬೆರಳ ತುದಿಯಷ್ಟಿನ ಹಿತ್ತಾಳೆಯ ಅಡಾಪ್ಟರೊಂದನ್ನು ಅಲ್ಲಿ ಶಾಶ್ವತವಾಗಿ ಬಿಗಿದರು. ಸವೆತವೆಲ್ಲ ಇನ್ನು ಅದರ ಪಾಲು. ಇಲ್ಲಿಗೆ ನಿಲ್ಲಿಸಿದ್ದರೆ ಜಾಣರೆನ್ನಬಹುದಿತ್ತು. ಆ ಅಡಾಪ್ಟರು ಸವೆಯದಿರಲೆಂದು ಅದರ ಮೇಲೊಂದು, ಅದರ ಮೇಲೆ ಇನ್ನೊಂದು!

"ಇನ್ನೊಂದು ಕೂರಿಸಿ, ಕಳಶ ಇಟ್ಟು ಪೂಜೆ ಮಾಡ್ಬಿಡ್ತೀನಿ" ಎಂದರು ಅವರ ಪತ್ನಿ ಶ್ರೀಮತಿ.

ಹೋದ ಆಷಾಢದಲ್ಲಿ ಶಿವರಾಜುವಿನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ನಿನ ಮೇಲೆ ದನಿ ಉಳಿಯುತ್ತದೆಂದು ವೈದ್ಯರು ಭರವಸೆ ಕೊಡಲಿಲ್ಲ. ಆಪರೇಷನ್ನಿನ ಹಿಂದಿನ ಸಂಜೆ ನಾನೂ ಮೇಷ್ಟರ ಪಕ್ಕದಲ್ಲಿದ್ದೆ. ಮೂರಂತಸ್ತಿನ ಅಡಾಪ್ಟರು ಕೇಬಲ್ಲಿನ ಭಾರಕ್ಕೆ ಓಲಾಡಿ, ಶಿವರಾಜುವಿನ ಮಾತು ಕರಕರನೆ ತುಂಡುತುಂಡಾಗಿ ಬಂತು. ಮೇಷ್ಟರು ಒತ್ತಿದರು, ಊದಿದರು, ಪಂಚೆಯ ತುದಿಯಿಂದ ಒರೆಸಿದರು. ಕೊನೆಗೆ ಮೂರನ್ನೂ ಬಿಚ್ಚಿ ಪಕ್ಕಕ್ಕೆಸೆದು, ಕೇಬಲ್ಲನ್ನು ಅಸಲು ತಿರುಪಿಗೇ ಬಿಗಿದರು.

"ಮೇಷ್ಟ್ರೇ, ಈಗ ಚೆಂದಾಗಿ ಕೇಳ್ತಾ ಅದೆ!" ಎಂದಿತು ಶಿವರಾಜುವಿನ ದನಿ.

"ಹೆಚ್ಚು ಮಾತಾಡ್ಬೇಡಯ್ಯ, ಗಂಟಲು ಸವೆದೀತು" ಎಂದರು ಮೇಷ್ಟರು, ಅಭ್ಯಾಸಬಲದಿಂದ.

"ಸವೀಲಿ ಬುಡಿ. ನನ್ ಗಂಟ್ಲುಗೇನು ಅಡಾಪ್ಟ್ರು ಆಕ್ಸಿದ್ದೀನಾ?"

ನಗುತ್ತ, ಕಬ್ಬು ಬೆಲ್ಲಗಳ ಕತೆ ಹೇಳುತ್ತ, ಬ್ಯಾಟರಿ ಇಳಿಯುವವರೆಗೆ ಇಬ್ಬರೂ ಮಾತಾಡಿದರು. ಮೇಷ್ಟರು ಒಮ್ಮೆಯೂ ತಿರುಪಿನ ಕಡೆ ನೋಡಲಿಲ್ಲ.

ಶಿವರಾಜುವಿನ ದನಿ ಉಳಿಯಿತು, ಕೊಂಚ ಒಡಕಾಗಿ. ರೇಡಿಯೊಗೆ ಈಗ ಒಂದೇ ಅಡಾಪ್ಟರು. ಇಂಥವರನ್ನು ಕಂಡು ಲೋಕ ನಗುತ್ತದೆ, ನಾನೂ ನಕ್ಕವನೇ. ಆದರೆ ಹೀಗೆ ಕಾಪಿಟ್ಟುಕೊಳ್ಳುವವರ ಕುಲವೇ ಬೇರೆ: ವರ್ಷಗಟ್ಟಲೆ ಮುಟ್ಟಗೊಡದೆ ಇಟ್ಟದ್ದನ್ನು ಬೇಕಾದ ಮನುಷ್ಯನಿಗಾಗಿ ಒಂದೇ ಸಂಜೆಯಲ್ಲಿ ಸವೆಸಿಬಿಡಬಲ್ಲರು. ಚಪ್ಪಲಿಯ ಅಸಲು ಅಟ್ಟೆ ಮಾತ್ರ ಇನ್ನೂ ನೆಲ ಮುಟ್ಟಿಲ್ಲ.