ಸದ್ದು ನಿಂತಾಗಿನ ಭಯ

ಕಾಯುವವರ ಮುಖಗಳನ್ನು ನೋಡಿ ನೋಡಿ, ಭಯದ ಬಗ್ಗೆ ನನಗೆ ಅಷ್ಟಿಷ್ಟು ತಿಳಿದಿದೆಯೆಂದೇ ನಾನು ಭಾವಿಸಿದ್ದೆ. ಮಗನದು ಹಲ್ಲಿನ ಕ್ಲಿನಿಕ್. ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ಅಲ್ಲಿ ಮೇಜಿನ ಹಿಂದೆ ಕುಳಿತು, ಒಳಗಿದ್ದವರು ಹೊರಬಂದ ಕೂಡಲೇ “ಮುಂದಿನವರು ಬನ್ನಿ” ಎಂದು ಕರೆಯುವುದು ನನ್ನ ಪಾಲಿನ ಕೆಲಸ. ಎರಡು ಕರೆಗಳ ನಡುವೆ ಕವಿತೆ ಓದುತ್ತೇನೆ. ನವ್ಯ ಕವಿತೆಯಾದರೆ ಒಂದು ಸಾಲಿಗೆ ಒಬ್ಬ ರೋಗಿ. ಅಷ್ಟು ಹೊತ್ತು ಬೇಕೇಬೇಕು.

ಮೊಮ್ಮಗಳು ಸಿನಿಮಾ ಕಾಲೇಜಿನಲ್ಲಿ ಓದುತ್ತಾಳೆ. ಕೂತಲ್ಲಿ ಕೂರದ ಅವಳನ್ನು ನಾವೆಲ್ಲ ಇರುವೆ ಎಂದೇ ಕರೆಯುವುದು. ಅವಳ ತರಗತಿಯವರು ತಲಾ ಒಂದೊಂದು ದೆವ್ವದ ಸಿನಿಮಾಕ್ಕೆ ಟ್ರೈಲರ್ ಮಾಡಬೇಕಿತ್ತು. ಮೊದಲು ಹೊರಗಿನವರಿಗೆ ತೋರಿಸಿ, ಅವರ ಮಾತು ಕೇಳಿ ತಿದ್ದಿ, ಆಮೇಲೆ ತರಗತಿಗೆ ತನ್ನಿ ಎಂದಿದ್ದರು ಮೇಡಂ. ಗೆದ್ದ ಟ್ರೈಲರಿನವರಿಗೆ ರಜೆಯುದ್ದಕ್ಕೂ ಕಾಲೇಜಿನ ಕ್ಯಾಮೆರಾ ಸಿಗುತ್ತದೆ. ಉಳಿದವರ ಸಿನಿಮಾ ಟ್ರೈಲರಿನಲ್ಲೇ ಹುಟ್ಟಿ ಟ್ರೈಲರಿನಲ್ಲೇ ಸಾಯುತ್ತದೆ. ಇರುವೆಗೆ ಆ ಕ್ಯಾಮೆರಾ ಬೇಕಿತ್ತು. ಊಟಕ್ಕೆ ಕೂತಾಗಲೂ ಒಂದು ಕಣ್ಣು ಮುಚ್ಚಿ, ಬೆರಳುಗಳ ಚೌಕಟ್ಟಿನಲ್ಲಿ ನಮ್ಮನ್ನು ಹಿಡಿದು ನೋಡುತ್ತಿದ್ದಳು.

ಅವಳ ಟ್ರೈಲರಿನಲ್ಲಿ ದೆವ್ವವಾದವಳು ನನ್ನ ಸೊಸೆ, ಅಂದರೆ ಅವಳ ಅಮ್ಮ. ಬಿಳಿಯ ಹೊದಿಕೆ ಹೊದ್ದು, ಕೂದಲು ಬಿಚ್ಚಿಕೊಂಡು ಮೆಟ್ಟಿಲಿಳಿದು ಬರುತ್ತಾಳೆ. ಹಿನ್ನೆಲೆಯಲ್ಲಿ ನನ್ನ ದನಿ, ನಾನೇ ಬರೆದ ಎಂಟು ಸಾಲು. ‘ನೆರಳಿಗೂ ಒಂದು ನೆರಳುಂಟು’ ಎಂದು ಅವು ಶುರುವಾಗುತ್ತಿದ್ದವು. ಬಹಳ ವರ್ಷಗಳ ಮೇಲೆ ನಾಲ್ಕು ಜನ ಕೇಳುವಂಥದ್ದೇನನ್ನೋ ಬರೆದಿದ್ದೆ, ಒಳಗೊಳಗೇ ಬೀಗಿದ್ದೆ.

ಮನೆಯಲ್ಲಿ ಮೊದಲ ಪ್ರದರ್ಶನ ನಡೆಯಿತು. ಸೊಸೆ ತನ್ನನ್ನು ತಾನೇ ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೆಟ್ಟಿಲ ಮೇಲಿನ ಬಲ್ಬನ್ನು ಇನ್ನೂ ಯಾರೂ ಬದಲಾಯಿಸಿಲ್ಲವಲ್ಲ ಎಂದು ಮಗ ಗೊಣಗಿದ. ಹಿತ್ತಲ ಗಿಡ ಮದ್ದಲ್ಲ, ಮನೆಯ ದೆವ್ವ ದೆವ್ವವಲ್ಲ. ಆಗಲೇ ಇರುವೆಗೆ ಕ್ಲಿನಿಕ್ಕಿನ ಟೀವಿ ನೆನಪಾದದ್ದು.

ಅದೊಂದು ಅಮೋಘ ಬೆಳಗು. ಉಕ್ಕಿನ ಕುರ್ಚಿಗಳ ಸಾಲು, ಲವಂಗದೆಣ್ಣೆಯ ವಾಸನೆ, ಗೋಡೆಯ ಮೇಲೆ ದೆವ್ವ. ದಪ್ಪ ಮೀಸೆಯ ಇನ್ಸ್‌ಪೆಕ್ಟರ್ ಒಬ್ಬರು ಕುರ್ಚಿಯ ಕೈಯನ್ನು ಕಳ್ಳನ ಕೊರಳಪಟ್ಟಿ ಹಿಡಿದಂತೆ ಹಿಡಿದಿದ್ದರು. ಪಕ್ಕದ ಹೆಂಗಸಿನ ಹಣೆಯಲ್ಲಿ ಬೆವರು. ಹೆದರಿಕೆಯಾಯಿತೇ ಎಂದು ಇರುವೆ ಕೇಳಿದರೆ ಎಲ್ಲರದೂ ಒಂದೇ ಉತ್ತರ: ವಿಪರೀತ. ಹಿನ್ನೆಲೆಯ ಕವಿತೆ ಹೇಗಿತ್ತೆಂದು ನಾನೂ ಮೆಲ್ಲಗೆ ವಿಚಾರಿಸಿದೆ. ಬಹಳ ಚೆನ್ನಾಗಿದೆ ಎಂದರು ಆ ಹೆಂಗಸು. ಈಗ ಯೋಚಿಸಿದರೆ, ಆ ಗಳಿಗೆಯಲ್ಲಿ ಅವರು ಯಾವುದಕ್ಕೂ ಇಲ್ಲವೆನ್ನುವ ಸ್ಥಿತಿಯಲ್ಲಿರಲಿಲ್ಲ. ತಿದ್ದುವುದಕ್ಕೇನೂ ಉಳಿದಿಲ್ಲವೆಂದು ಇರುವೆ ಅದನ್ನು ಹಾಗೆಯೇ ತರಗತಿಗೆ ಒಯ್ದಳು.

ಅಲ್ಲಿ ತರಗತಿ ನಕ್ಕಿತು. ಸಂಜೆ ಮನೆಗೆ ಬಂದವಳು ಅಳಲಿಲ್ಲ, ಚೀಲವನ್ನು ಮಾತ್ರ ಸ್ವಲ್ಪ ಜೋರಾಗಿ ಇಟ್ಟಳು. ಒಂದು ವಾರ ಸಮಯ ಕೊಡುತ್ತೇನೆ, ತಿದ್ದಿ ತಾ ಎಂದಿದ್ದರಂತೆ ಮೇಡಂ. ಬಟ್ಟೆ ಒಣಹಾಕಲು ಹೊರಟ ದೆವ್ವ ಎಂದು ಹಿಂದಿನ ಸಾಲಿನ ಉದ್ದನೆಯ ಹುಡುಗನೊಬ್ಬ ಕೂಗಿದನಂತೆ.

“ನನ್ನ ಸಾಲುಗಳ ಬಗ್ಗೆ ಏನಂದ?”

“ತಾತ ಮುಗಿಸೋ ಹೊತ್ತಿಗೆ ದೆವ್ವಕ್ಕೇ ನಿದ್ದೆ ಬಂತು ಅಂದ.”

ಮಾತು ಚುಚ್ಚಿತು, ಆದರೆ ವಿಮರ್ಶೆ ಅಚ್ಚುಕಟ್ಟಾಗಿತ್ತು, ಒಪ್ಪಬೇಕು.

ನನಗೆ ಅರ್ಥವಾಗದೆ ಉಳಿದದ್ದು ಒಂದೇ. ಕ್ಲಿನಿಕ್ಕಿನಲ್ಲಿ ಬೆವರಿದವರು ಸುಳ್ಳು ಹೇಳಿರಲಿಲ್ಲ. ಬೆವರಿಗೆ ಸುಳ್ಳು ಬರುವುದಿಲ್ಲ. ಹಾಗಾದರೆ ಅವರು ಹೆದರಿದ್ದು ಯಾವುದಕ್ಕೆ? ನಾಳೆ ಇನ್ನೊಮ್ಮೆ ಹಾಕು, ಆದರೆ ಪರದೆಗೆ ಬೆನ್ನು ಮಾಡಿ ನಿಂತು ಜನರನ್ನು ನೋಡು ಎಂದೆ. ಮರುದಿನ ಕ್ಲಿನಿಕ್ಕಿನಲ್ಲಿ ಅವಳು ಹಾಗೆಯೇ ನಿಂತಳು. ದೆವ್ವ ಮೆಟ್ಟಿಲಿಳಿಯಿತು. ನೋಡಿದವರು ಯಾರೂ ಇಲ್ಲ. ಎಲ್ಲರ ಕಣ್ಣೂ ಎಡಗಡೆಗೆ, ಮಗನ ಕೋಣೆಯ ಮುಚ್ಚಿದ ಬಾಗಿಲಿಗೆ ನೆಟ್ಟಿದ್ದವು. ಒಳಗೆ ಡ್ರಿಲ್ ಗುಂಯ್‌ಗುಡುತ್ತಿತ್ತು.

ನಾವು ದೆವ್ವದ ಸಿನಿಮಾವನ್ನು ಹಲ್ಲುನೋವಿನವರ ಮುಂದೆ ಪರೀಕ್ಷೆಗಿಟ್ಟಿದ್ದೆವು. ಪಾಸಾದದ್ದು ನನ್ನ ಮಗ.

ಇರುವೆಗೆ ನಗು ಬಂತು. ಮರುಕ್ಷಣವೇ ನಗು ನಿಂತು, ಅವಳು ಇನ್ಸ್‌ಪೆಕ್ಟರರ ಪಕ್ಕದಲ್ಲಿ ಹೋಗಿ ಕೂತಳು. ಅವರದು ಎರಡನೆಯ ಭೇಟಿ.

“ಸರ್, ನಿಜ ಹೇಳಿ. ಆ ಡ್ರಿಲ್ ಸದ್ದಿಗೆ ತಾನೇ ಹೆದರ್ತಿರೋದು?”

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. “ಸದ್ದು ಇರೋವಷ್ಟು ಹೊತ್ತು ಪರವಾಗಿಲ್ಲಮ್ಮ. ಒಳಗೆ ಬೇರೆ ಯಾರೋ ಇದಾರೆ ಅಂತ ಧೈರ್ಯ. ಅದು ನಿಂತ್ರೆ ಕಷ್ಟ. ಆಮೇಲೆ ನಿಮ್ಮ ತಾತ ಕರೀತಾರಲ್ಲ.”

ಜೀವಮಾನವಿಡೀ ಕವಿತೆ ಓದಿದವನು ನಾನು. ಸಾಲು ಮುಗಿದಲ್ಲಿ ಉಳಿಯುವ ಬಿಳಿಯ ಜಾಗದಲ್ಲೇ ಕವಿತೆಯಿರುತ್ತದೆಂದು ಎಷ್ಟು ಜನರೊಡನೆ ವಾದಿಸಿದ್ದೇನೆ! ಆದರೂ ಮೊಮ್ಮಗಳ ಟ್ರೈಲರಿನಲ್ಲಿ ಉಸಿರಾಡಲೂ ಜಾಗ ಬಿಡದಂತೆ ಎಂಟು ಸಾಲು ತುಂಬಿದ್ದೆ.

ಇರುವೆ ಹೊಸದಾಗಿ ಚಿತ್ರೀಕರಿಸಿದಳು. ದೆವ್ವ ಹೋಯಿತು, ಸೊಸೆಗೆ ಹೊದಿಕೆ ವಾಪಸ್ಸು ಬಂತು. ಕೊನೆಗೆ ನನ್ನ ಎದುರು ಬಂದು ನಿಂತು ಬೆರಳು ಹೊಸೆಯತೊಡಗಿದಳು.

“ತಾತ, ನಿನ್ನ ಕವಿತೆ...”

“ತೆಗೀ. ಕವಿತೆ ಉಳೀಬೇಕಾದ್ರೆ ಒಳ್ಳೇ ಸಾಲನ್ನೂ ಹೊಡೆದುಹಾಕ್ಬೇಕಾಗುತ್ತೆ.”

“ಎಂಟನ್ನೂ?”

“ಎಂಟನ್ನೂ.”

ಹೇಳುವುದು ಸುಲಭ. ಆ ಎಂಟರಲ್ಲಿ ಐದನೆಯದು ನಿಜಕ್ಕೂ ಚೆನ್ನಾಗಿತ್ತು. ಈಗಲೂ ಒಮ್ಮೊಮ್ಮೆ ಗಡ್ಡ ಬೋಳಿಸಿಕೊಳ್ಳುವಾಗ ಅದನ್ನು ಹೇಳಿಕೊಳ್ಳುತ್ತೇನೆ.

“ಆದ್ರೆ ನಿನ್ನ ದನಿ ಬೇಕು,” ಎಂದಳು. ಬೇಕಾದದ್ದು ಎರಡೇ ಪದ. ನಾನು ಗಂಟಲು ಸರಿಮಾಡಿಕೊಂಡು, ಪದಪದಕ್ಕೂ ಭಾರ ತುಂಬಿ ಉಚ್ಚರಿಸಿದೆ. ಅವಳು ಹಾಗಲ್ಲವೆಂದು ತಲೆಯಾಡಿಸಿದಳು. ಕವಿತೆ ಓದಬೇಡ, ದಿನಾ ಕೂಗೋ ಹಾಗೆ ಕೂಗು ಎಂದಳು. ಅದನ್ನು ಸಾಧಿಸಲು ಬೆಳಗಿನ ಬಿಡುವೆಲ್ಲ ಬೇಕಾಯಿತು.

ವಾರದ ಕೊನೆಗೆ ನನ್ನನ್ನೂ ತರಗತಿಗೆ ಕರೆದೊಯ್ದಳು. ಕೊನೆಯ ಸಾಲಿನಲ್ಲಿ, ಬಾಗಿಲ ಬಳಿ ಕೂತೆ. ಪರದೆಯ ಮೇಲೆ ಕುರ್ಚಿಗಳ ಸಾಲು, ಜನ, ಒಂದು ಮುಚ್ಚಿದ ಬಾಗಿಲು, ಅದರಾಚೆ ಗುಂಯ್‌ಗುಟ್ಟುವ ಸದ್ದು. ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗುತ್ತಾರೆ. ಹೋದವರು ಬರುವುದಿಲ್ಲ. ಕಡೆಗೆ ಒಬ್ಬ ಹುಡುಗಿ ಮಾತ್ರ ಉಳಿಯುತ್ತಾಳೆ. ಸದ್ದು ನಿಲ್ಲುತ್ತದೆ. ಆ ಮೌನವನ್ನು ಇರುವೆ ಎಷ್ಟು ಎಳೆದಿದ್ದಳೆಂದರೆ, ಇಡೀ ತರಗತಿಯಲ್ಲಿ ಒಂದು ಕುರ್ಚಿಯೂ ಕಿರ್ರೆನ್ನಲಿಲ್ಲ. ಆಮೇಲೆ ದಿನನಿತ್ಯದ, ದಣಿದ, ಸೌಜನ್ಯದ ನನ್ನ ದನಿ: “ಮುಂದಿನವರು ಬನ್ನಿ.”

ಯಾರೋ ಉಸಿರೆಳೆದುಕೊಂಡರು. ನನ್ನ ಮುಂದಿನ ಸಾಲಿನಲ್ಲಿದ್ದ, ಹೋದ ಸಲ ಕೂಗಿದ್ದ ಉದ್ದನೆಯ ಹುಡುಗ ತಿರುಗಿ ಬಾಗಿಲ ಕಡೆ ನೋಡಿದ. ಉಳಿದ ಟ್ರೈಲರುಗಳೂ ಮುಗಿದ ಮೇಲೆ ಮೇಡಂ ಕ್ಯಾಮೆರಾದ ಚೀಲವನ್ನು ಎತ್ತಿಕೊಂಡು ನೇರವಾಗಿ ಇರುವೆಯ ಬಳಿಗೆ ನಡೆದರು. ಅವಳು ಅದನ್ನು ಹೆಗಲಿಗೆ ಹಾಕಿಕೊಂಡ ರೀತಿ ಹೇಗಿತ್ತೆಂದರೆ, ಅದು ಮೊದಲಿನಿಂದಲೂ ಅವಳದೇ, ಇಷ್ಟು ದಿನ ಕಾಲೇಜಿಗೆ ಎರವಲು ಕೊಟ್ಟಿದ್ದಳು, ಅಷ್ಟೆ.

ರಜೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಆ ಉದ್ದನೆಯ ಹುಡುಗ ದವಡೆ ಊದಿಸಿಕೊಂಡು ಕ್ಲಿನಿಕ್ಕಿಗೆ ಬಂದ. ಮೂಲೆಯ ಕುರ್ಚಿಯಲ್ಲಿ ಕೂತ. ಒಳಗೆ ಡ್ರಿಲ್ಲಿನ ಸದ್ದು ನಿಂತಿತು. ನಾನು ಪುಸ್ತಕ ಮುಚ್ಚಿ ಬಾಯಿ ತೆರೆಯುವಷ್ಟರಲ್ಲಿ ಅವನು ದಡಬಡಿಸಿ ಎದ್ದು ನಿಂತಿದ್ದ.

“ತಾತ, ನೀವು ಕರೀಬೇಡಿ,” ಎಂದ. “ನಾನೇ ಹೋಗ್ತೀನಿ.”