ಆನಂದಮ್ಮನ ಒಂದೇ ಮಾತು

ರಂಗ ಶಿಬಿರದ ಚೀಟಿಯಲ್ಲಿ ‘ಅನುಭವ ಬೇಕಾಗಿಲ್ಲ, ಯಾರು ಬೇಕಾದರೂ ಬರಬಹುದು’ ಎಂದು ಬರೆದಿತ್ತು. ಅದನ್ನು ನಂಬಿ ಹೋದ ನನಗೆ ಸಿಕ್ಕಿದ್ದು ಬಾಗಿಲಿನ ಪಾತ್ರ. ಪೂರ್ತಿ ಬಾಗಿಲೂ ಅಲ್ಲ, ಬಲಗಡೆಯ ಕದ. ಎಡಗಡೆಯ ಕದ ಗಾಂಧಿ ಗಂಜ್ ಮಾರುಕಟ್ಟೆಯ ತೊಗರಿ ದಲಾಲ ಸಲಾವೋದ್ದೀನ. ಬ್ಲೌಸ್ ಹೊಲಿಯುವ ಹಮೀದುನ್ನಿಸಾ ಬಾಗಿಲಾಗಿದ್ದಾಳೆ ಎಂದು ಬೀದರಿನ ನಮ್ಮ ಓಣಿಯೆಲ್ಲ ನಕ್ಕಿತು. ನಗಲಿ. ಪಕ್ಕದಲ್ಲಿ ಸಲಾವೋದ್ದೀನನ ಫೋನು ಬಡಿದುಕೊಳ್ಳುವಾಗ ಅಲ್ಲಾಡದೆ ನಿಲ್ಲುವ ಕಷ್ಟ ನಿಂತವರಿಗೇ ಗೊತ್ತು.

ಮಾತಾಡುವ ಪಾತ್ರ ಸಿಕ್ಕಿದ್ದು ನನ್ನ ಗೆಳತಿ, ನಿವೃತ್ತ ನರ್ಸ್ ಆನಂದಮ್ಮನಿಗೆ. ಸಣ್ಣಂದಿನಿಂದ ಚರ್ಚಿನ ಕ್ರಿಸ್‌ಮಸ್ ನಾಟಕದಲ್ಲಿ ಆಕೆ ಕುರಿಯಾಗಿದ್ದಳು, ಒಂಟೆಯಾಗಿದ್ದಳು. ಬಾಯಿ ಬಿಡುವ ಪಾತ್ರ ಒಮ್ಮೆಯೂ ಬಂದಿರಲಿಲ್ಲ. ಈಗ ಮಗನೊಡನೆ ಜಗಳವಾಡಿ ಮನೆ ಬಿಡುವ ತಾಯಿ. ಕೊನೆಗೆ ಆಕೆಗೆ ಒಂದೇ ಮಾತು: “ಈ ಮನಿ ಬಿಟ್ಟು ಹೋಗ್ತೇನಿ!” ನಾವು ಕದಗಳು ಧಡಾರನೆ ಮುಚ್ಚಬೇಕು, ನಾಟಕ ಮುಗಿಯಬೇಕು.

“ಈ ಮನಿ ಬಿಟ್ಟು... ಬರ್ತೇನಿ,” ಎಂದಳು ಆನಂದಮ್ಮ, ಮೊದಲ ತಾಲೀಮಿನಲ್ಲಿ.

ಶಿಬಿರ ನಡೆಸುವ ಖಾಲಿದ ಭಾಲ್ಕಿಯ ಹುಡುಗ, ದೊಡ್ಡ ಊರಿನಲ್ಲಿ ನಾಟಕ ಕಲಿತು ಬಂದವನು. ತಲೆಯ ಮೇಲೆ ಕೈ ಹೊತ್ತು ಕುಳಿತ.

“ಅಮ್ಮಾ, ಬರ್ತೇನಿ ಅಂದ್ರ ನಾಟಕ ಮುಗಿಯೂದು ಹ್ಯಾಂಗರಿ? ಆಕಿ ಮತ್ತ ಬರೂದೇ ಇಲ್ಲ.”

“ಹೊಸ್ತಿಲ ಮ್ಯಾಲ ನಿಂತು ಹೋಗ್ತೇನಿ ಅನಬಾರದಪಾ. ಜೀವಮಾನ ದವಾಖಾನಿಯಾಗ ಕಳದೇನಿ. ಹೋಗ್ತೇನಿ ಅಂದವರು ಖರೇನೇ ಹೋಗ್ಯಾರ.”

“ಇದು ನಾಟಕರಿ!”

“ನಾಟಕ ನಿಂದು, ಬಾಯಿ ನಂದು.”

ಆದರೂ ಪಾಪ, ಪ್ರಯತ್ನಪಟ್ಟಳು. “ಹೋ... ಹೋ...” ಎಂದು ಎತ್ತು ನಿಲ್ಲಿಸುವವರ ಹಾಗೆ ಕೂಗಿ, ಕೊನೆಗೆ “ಬರ್ತೇನಿ”ಗೇ ಬಂದು ನಿಲ್ಲುತ್ತಿದ್ದಳು. ಖಾಲಿದನ ತಾಳ್ಮೆ ತಪ್ಪಿತು.

“ಔರಾದನಾಗ ಆಟ ಅದ. ಅಲ್ಲಿ ತಪ್ಪಿದ್ರ ಈ ಪಾತ್ರ ನಿಖತಗ ಕೊಡ್ತೇನಿ ನೋಡ್ರಿ.”

ನಿಖತ ಶಿಬಿರಕ್ಕೆ ಬರುವ ಕಾಲೇಜು ಹುಡುಗಿ. ಮನೆ ಬಿಟ್ಟು ಹೋಗ್ತೇನಿ ಎಂದು ಅವ್ವನನ್ನು ದಿನಾ ಹೆದರಿಸುವವಳು, ಅವಳಿಗೆ ತಾಲೀಮೇ ಬೇಡ. ಆನಂದಮ್ಮನ ಮುಖ ಸಣ್ಣದಾಯಿತು. ಔರಾದಿನ ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಮುಖ ಮಾಡಿ ಆ ಮಾತನ್ನೇ ಗೊಣಗುತ್ತಿದ್ದಳು.

ಔರಾದಿನಲ್ಲಿ ಜನ ಚೆನ್ನಾಗಿ ಸೇರಿದ್ದರು. ಮಗನ ಪಾತ್ರದ ರೂಬೆನ ಕೂಗಾಡಿದ. ಆನಂದಮ್ಮ ಬಟ್ಟೆಯ ಗಂಟು ಎತ್ತಿಕೊಂಡು ನಮ್ಮಿಬ್ಬರ ನಡುವೆ ಬಂದು ನಿಂತಳು.

“ಈ ಮನಿ ಬಿಟ್ಟು...” ಎಂದಳು. ಕಣ್ಣು ತುಂಬಿದವು. ರೂಬೆನನ ಕಡೆ ತಿರುಗಿ ಮೆಲ್ಲಗೆ, “ಬರ್ತೇನಪಾ,” ಎಂದು ಹೊಸ್ತಿಲು ದಾಟಿದಳು.

ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ತನಗೇ ಅರಿವಿಲ್ಲದೆ, “ಹೂಂ, ಹೋಗಿ ಬಾರವ್ವ,” ಎಂದಳು. ಹಿಂದಿನಿಂದ ಇನ್ನೊಬ್ಬಳು, “ಲಗೂನ ಬಾ,” ಎಂದಳು.

“ಮುಚ್ಚರಿ, ಮುಚ್ಚರಿ!” ಪರದೆಯ ಹಿಂದೆ ಖಾಲಿದ ಪಿಸುಗುಟ್ಟಿದ. ಸಲಾವೋದ್ದೀನ ಮುಚ್ಚಲು ಹೊರಟ. ನಾನು ಅವನ ಕಾಲು ತುಳಿದೆ. ಬರ್ತೇನಿ ಎಂದವಳ ಬೆನ್ನಿಗೆ ಮುಚ್ಚಿಕೊಳ್ಳುವಂಥ ಕದ ನಾನಲ್ಲ.

ರೂಬೆನ ಏನು ಮಾಡಬೇಕೆಂದು ತೋಚದೆ ತೆರೆದ ಬಾಗಿಲನ್ನೇ ನೋಡುತ್ತ ನಿಂತ. ಜನವೂ ನೋಡಿದರು. ಬರ್ತೇನಿ ಎಂದಿದ್ದಾಳೆ, ಏಳುವುದು ಹೇಗೆ? ಕಡೆಗೆ ಆನಂದಮ್ಮನೇ ಇಣುಕಿ, “ಯಾಕ, ಇನ್ನೂ ಕುಂತೀರೇನು?” ಎಂದಳು. ಔರಾದ ಬಿದ್ದು ಬಿದ್ದು ನಕ್ಕಿತು. ಆ ಮುದುಕಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬಸ್ ನಿಲ್ದಾಣದಲ್ಲಿ ಖಾಲಿದ ಮುಖ ಊದಿಸಿಕೊಂಡಿದ್ದ.

“ನನ್ನ ನಾಟಕ ಕೆಡಿಸಿದ್ರಿ. ಈ ಶಿಬಿರನೂ ಸಾಕು, ನೀವೂ ಸಾಕು.” ಭಾಲ್ಕಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ. “ನಾ ಹೋಗ್ತೇನಿ.”

ಆನಂದಮ್ಮ ಅವನ ಚೀಲ ಹಿಡಿದಳು. “ಏನಂದಿ?”

ಕಂಡಕ್ಟರ್ ಸೀಟಿ ಊದಿದ. ಆಕೆ ಬಿಡಲಿಲ್ಲ. ಅವನು ಎಳೆದ, ಆಕೆಯೂ ಎಳೆದಳು.

“ಬರ್ತೇನಿ ಅನ್ರಿ ಸಾಹೇಬ್ರ,” ಎಂದ ಕಂಡಕ್ಟರ್, “ಗಾಡಿ ಬಿಡಬೇಕು.”

ಖಾಲಿದ ನೆಲ ನೋಡಿದ. ನಗು ತಡೆಯಲು ಹೋಗಿ ಸೋತ.

“ಬರ್ತೇನಮ್ಮಾ.”

“ಬಾ,” ಎಂದು ಆನಂದಮ್ಮ ಚೀಲ ಬಿಟ್ಟಳು. “ಬರೂಮುಂದ ನಿಖತಗ ಬ್ಯಾರೆ ಪಾತ್ರ ಹುಡುಕ್ಕೊಂಡು ಬಾ.”