ಹಿಟ್ಟಿನ ಡಬ್ಬದಲ್ಲಿ ಮರದ ಹೊಟ್ಟು

ಕೆಳಗಿನ ಮನೆಯ ಬಡಗಿಗೆ ಕೈ ಗಾಯವಾಗಿ ಹದಿನಾರು ದಿನವಾಗಿತ್ತು. ಅವನು ಕುರ್ಚಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಮರ ನಯ ಮಾಡುವ ಯಂತ್ರಕ್ಕೆ ಬಲಗೈ ಸಿಕ್ಕಿ ಮೂರು ಬೆರಳಿನ ನರ ಹರಿದಿತ್ತು. ಆಸ್ಪತ್ರೆಯಲ್ಲಿ ಹೊಲಿದು ಜೋಡಿಸಿದ್ದರು. ಮೂರು ತಿಂಗಳು ದಿನವೂ ಬಂದು ಬೆರಳಿನ ವ್ಯಾಯಾಮ ಮಾಡಬೇಕು, ಅಲ್ಲಿಯವರೆಗೆ ಉಳಿ ಸುತ್ತಿಗೆ ಮುಟ್ಟಬಾರದು, ಮುಟ್ಟಿದರೆ ಕೈ ಮುಷ್ಟಿಯಾಗಿಯೇ ಉಳಿದುಬಿಡುತ್ತದೆ ಎಂದು ವೈದ್ಯರು ಹೇಳಿ ಕಳುಹಿಸಿದ್ದರು.

ಬಡಗಿ ಮಾತ್ರ ಬರುವ ಸೋಮವಾರದಿಂದಲೇ ಕೆಲಸಕ್ಕೆ ಹೋಗಲು ಹೊರಟಿದ್ದ.

ಈ ಸುದ್ದಿ ನನಗೆ ನಲ್ಲಿಯ ಹತ್ತಿರ ಸಿಕ್ಕಿತು. ನಾನು ಮೇಲಿನ ಮನೆಯ ದರ್ಜಿ. ಹೊಲಿಗೆ ಯಂತ್ರದ ಮುಂದೆ ಕೂತಿದ್ದರೂ ಕಿವಿ ಮೆಟ್ಟಿಲ ಮೇಲೆಯೇ ಇರುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಏನು, ಎತ್ತ ಎಂದು ಕೇಳದೆ ಇದ್ದರೆ ನನಗೆ ಊಟ ಸೇರುವುದಿಲ್ಲ.

"ಕೈ ಇನ್ನೂ ಬ್ಯಾಂಡೇಜಿನಲ್ಲಿದೆ. ಹೇಗೆ ಕೆಲಸ ಮಾಡ್ತೀಯಪ್ಪ?" ಎಂದೆ.

"ಎಡಗೈ ಇದೆಯಲ್ಲಕ್ಕ. ಕೂತು ತಿಂದ್ರೆ ಎಷ್ಟು ದಿನ ನಡೆಯುತ್ತೆ?"

"ಕೆಲಸದಲ್ಲಿ ಪೆಟ್ಟಾದ್ರೆ ವಾಸಿಯಾಗೋವರೆಗೆ ಕೂಲಿಯ ಒಂದು ಪಾಲು ಬರುತ್ತಂತಲ್ಲ. ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆ ಇದ್ದಾಳೆ, ಅವಳನ್ನ ಕೇಳು."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನನ್ನ ಹೆಂಡತಿ ಕೇಳಿಬಿಟ್ಟಿದ್ದಾಳೆ. ಗುರುವಾರ ಆಕೆ ಮನೆಗೆ ಬರ್ತಾರಂತೆ. ಆದ್ರೆ ಅಮ್ಮ ಒಪ್ಪಲ್ಲ."

ಅಮ್ಮ ಎಂದರೆ ನಮ್ಮ ದೊಡ್ಡಮ್ಮ. ಎಪ್ಪತ್ನಾಲ್ಕು ವರ್ಷ. ಇಡೀ ಕಟ್ಟಡಕ್ಕೆ ಆಕೆ ದೊಡ್ಡಮ್ಮನೇ. ನಾನು ಕೇಳಲು ಹೋದಾಗ ಆಕೆ ನೆಲ ಒರೆಸುತ್ತಿದ್ದರು, ತಲೆ ಎತ್ತಲಿಲ್ಲ.

"ನಮ್ಮ ಮನೇಲಿ ಯಾರೂ ಇನ್ನೊಬ್ಬರ ಮುಂದೆ ಕೈ ಒಡ್ಡಿದವರಲ್ಲ. ಬರೋಳು ಬರ್ಲಿ. ಈ ಮನೆಗೆ ಏನೂ ಕಡಿಮೆ ಇಲ್ಲ ಅಂತ ನೋಡ್ಕೊಂಡು ಹೋಗ್ಲಿ. ಏ ಹುಡುಗಿ, ನಿನ್ನ ಗೋಡೆ ಗಡಿಯಾರ ಒಂದು ದಿನಕ್ಕೆ ಕೊಡ್ತೀಯಾ?"

ನನಗೆ ನಲವತ್ತಾರು ವರ್ಷ. ಹುಡುಗಿ ಎಂದು ಕರೆಯುವವರು ಅವರೊಬ್ಬರೇ ಉಳಿದಿರುವುದರಿಂದ ಗಡಿಯಾರ ಕೊಟ್ಟೆ. ಅದರ ಹಿಂದೆ ಎರಡು ಕುರ್ಚಿ, ಹೂವಿನ ಅಂಚಿನ ಪರದೆ, ಆರು ಬಟ್ಟಲಿನ ಸೆಟ್ಟು ಎಲ್ಲವೂ ಮೆಟ್ಟಿಲಿಳಿದು ಹೋದವು. ಗುರುವಾರ ಬೆಳಿಗ್ಗೆ ಕೆಳಗೆ ಹೋದರೆ ನನ್ನ ಮನೆಗೇ ಬಂದ ಹಾಗಿತ್ತು. ಕಾರ್ಖಾನೆಯಲ್ಲಿ ಕುರ್ಚಿ ಮಾಡುವವನ ಮನೆಗೆ ದರ್ಜಿಯ ಮನೆಯಿಂದ ಕುರ್ಚಿ! ನಗು ಬಂತು, ನುಂಗಿಕೊಂಡೆ.

ಮಧ್ಯಾಹ್ನ ಎರಡು ಗಂಟೆಗೆ ಸಮಾಜ ಕಾರ್ಯಕರ್ತೆ ಬಂದಳು. ಚಪ್ಪಲಿ ಬಿಡುವಾಗಲೇ ಬಡಗಿಯ ಕೈ ನೋಡಿ, "ನೋವು ಹೇಗಿದೆ? ಕಿರುಬೆರಳು ಅಲ್ಲಾಡುತ್ತಾ?" ಎಂದು ಕೇಳಿದಳು. ಕೂತಳು, ಚಹಾ ಕುಡಿದಳು, ಬೆರಳಿನ ಬಗ್ಗೆಯೇ ಮಾತಾಡಿದಳು. ಗಡಿಯಾರವನ್ನು ನೋಡಲಿಲ್ಲ. ಪರದೆಯನ್ನೂ ನೋಡಲಿಲ್ಲ. ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ದೊಡ್ಡ ಡಬ್ಬ ಹೊತ್ತುತಂದು ಅವಳ ಮುಂದೆ ಇಟ್ಟು ಮುಚ್ಚಳ ತೆಗೆದರು.

"ನೋಡಮ್ಮ. ಕಂಠಪೂರ್ತಿ ಹಿಟ್ಟು. ಸರಿಯಾಗಿ ನೋಡಿಕೋ."

"ನೋಡಿದೆ ದೊಡ್ಡಮ್ಮ. ಆದ್ರೆ ಇದನ್ನ ಯಾಕೆ ತೋರಿಸ್ತಿದ್ದೀರಿ?" ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಅಷ್ಟರಲ್ಲಿ ಸೊಸೆ ಬೆಳಗಿನ ಪಾಳಿ ಮುಗಿಸಿ ಬಂದಳು. ಆಕೆ ಔಷಧಿ ಕಾರ್ಖಾನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುವವಳು, ಬೆಳಗಾಗುವ ಮೊದಲೇ ಮನೆ ಬಿಟ್ಟಿದ್ದಳು. ತುಂಬಿದ ಡಬ್ಬ ಕಂಡು ಮುಖ ಅರಳಿತು. "ಅಯ್ಯೋ, ಹಿಟ್ಟು ಬಂತಾ! ಇರಿ, ಬಂದವರಿಗೆ ರೊಟ್ಟಿ ಮಾಡ್ತೀನಿ" ಎಂದು ಲೋಟವನ್ನು ಆಳಕ್ಕೆ ಅದ್ದಿ ಎತ್ತಿದಳು.

ಲೋಟದ ತುಂಬ ಮರದ ಹೊಟ್ಟು. ಮೇಲೊಂದಿಷ್ಟು ಹಿಟ್ಟು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗಾದೆ ಹೇಳುವಾಗ ನಗುತ್ತೇವೆ. ಅಂದು ಆ ಕೋಣೆಯಲ್ಲಿ ನಗಲು ಯಾರಿಗೂ ಬಾಯಿ ಬರಲಿಲ್ಲ. ದೊಡ್ಡಮ್ಮ ನನ್ನ ಕುರ್ಚಿಯ ಮೇಲೆ ಕುಸಿದು ಕೂತರು. ನನಗೆ ಅವರನ್ನು ನೋಡಿ ಸಂಕಟವಾಯಿತು.

ಸಮಾಜ ಕಾರ್ಯಕರ್ತೆ ಡಬ್ಬದ ಮುಚ್ಚಳ ತಾನೇ ಮುಚ್ಚಿದಳು. ನಂತರ ಮೆಲ್ಲಗೆ, "ಇದನ್ನ ನಿಮಗೆ ಯಾರು ಕಲಿಸಿದ್ರು ದೊಡ್ಡಮ್ಮ?" ಎಂದಳು.

"ನಮ್ಮಮ್ಮ," ಎಂದರು ದೊಡ್ಡಮ್ಮ. "ನನಗಾಗ ಒಂಬತ್ತು ವರ್ಷ. ಅಮ್ಮ ಬಟ್ಟೆ ಒಗೆಯೋ ಕಾರ್ಖಾನೇಲಿದ್ದಳು. ಕುದಿಯೋ ನೀರು ಬಿದ್ದು ಬಲಗೈ ಬೆಂದುಹೋಯ್ತು. ಆಗ ದಾನಧರ್ಮದ ಸಂಘದವರು ಮನೆ ಮನೆಗೆ ಬಂದು ಯಾರಿಗೆ ಸಹಾಯ ಕೊಡಬೇಕು ಅಂತ ನೋಡೋರು. ಬಂದ ಹೆಂಗಸಿನ ಕೈಲಿ ಪುಸ್ತಕ. ಮುಚ್ಚಳ ಎತ್ತಿ ನೋಡೋದು, ಹಾಸಿಗೆ ಮಗುಚಿ ನೋಡೋದು. ಪಕ್ಕದ ಮನೇಲಿ ಡಬ್ಬ ಖಾಲಿ, ನೆಲ ಗಲೀಜು. ಈ ತಾಯಿಗೆ ಮನೆ ನಡೆಸೋಕೆ ಬರಲ್ಲ ಅಂತ ಬರೆದುಕೊಂಡು ಅವಳ ಎರಡು ಮಕ್ಕಳನ್ನ ಅನಾಥಾಲಯಕ್ಕೆ ಸೇರಿಸಿದ್ರು."

"ಅದನ್ನ ನೋಡಿ ನಿಮ್ಮಮ್ಮ ಹೆದರಿದ್ರು."

"ಹೆದರದೆ? ಮನೆ ಹಿಂದೇನೇ ಮರ ಕೊಯ್ಯೋ ಜಾಗ ಇತ್ತು. ಹೊಟ್ಟು ತಂದು ತುಂಬಿ ಮೇಲೆ ಒಂದು ಹಿಡಿ ಹಿಟ್ಟು ಹರಡಿದ್ಲು. ಆ ಹೆಂಗಸು ಮುಚ್ಚಳ ಎತ್ತಿದ್ಲು, ನಕ್ಕಳು. ಇವರಿಗೆ ಏನೂ ಬೇಕಾಗಿಲ್ಲ ಅಂತ ಬರೆದುಕೊಂಡು ಹೋದ್ಲು."

"ಆಮೇಲೆ?" ಎಂದೆ ನಾನು.

"ಆಮೇಲೇನು. ಹತ್ತನೇ ದಿನ ಅಮ್ಮ ಕೈಗೆ ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಹೋದ್ಲು. ಆ ಕೈ ಮತ್ತೆ ಬಿಚ್ಚಲೇ ಇಲ್ಲ. ಮೂವತ್ತೊಂದು ವರ್ಷ ಅವಳ ತಲೆ ಬಾಚಿದ್ದು ನಾನು."

ಬಡಗಿ ತನ್ನ ಬ್ಯಾಂಡೇಜಿನ ಕೈಯನ್ನು ಮಡಿಲಿಗೆ ಎಳೆದುಕೊಂಡ. ಈ ಕಥೆ ಅವನಿಗೂ ಗೊತ್ತಿರಲಿಲ್ಲ. ಅಜ್ಜಿಯ ಕೈ ಹುಟ್ಟಿನಿಂದಲೇ ಹಾಗೆ ಎಂದುಕೊಂಡಿದ್ದನಂತೆ.

ದೊಡ್ಡಮ್ಮ ಕಣ್ಣು ಒರೆಸಿಕೊಂಡರು. ಆದರೆ ಅವರು ಅಷ್ಟಕ್ಕೇ ಸೋಲುವವರಲ್ಲ. "ನಿನ್ನ ಕೈಲೂ ಒಂದು ಪುಸ್ತಕ ಇದೆ. ಅವಳಿಗೂ ನಿನಗೂ ಏನು ವ್ಯತ್ಯಾಸ? ಹೇಳು ನೋಡೋಣ."

ಸಮಾಜ ಕಾರ್ಯಕರ್ತೆ ಸಿಟ್ಟಾಗಲಿಲ್ಲ. "ಒಳ್ಳೇ ಪ್ರಶ್ನೆ. ನಿಜ ಹೇಳಬೇಕಂದ್ರೆ ನನ್ನ ಕಸುಬಿಗೆ ಆ ಹೆಂಗಸು ಅಜ್ಜಿ ಇದ್ದ ಹಾಗೆ. ನಾವು ಹುಟ್ಟಿದ್ದೇ ಅವರಿಂದ."

"ಅಂದ್ರೆ?" ಎಂದು ನಾನು ಮುಂದಕ್ಕೆ ಸರಿದೆ.

"ತುಂಬಾ ಹಿಂದೆ ಬಡವರಿಗೆ ಸಹಾಯ ಅಂದ್ರೆ ಭಿಕ್ಷೆ. ಕೊಟ್ಟವನಿಗೆ ಪುಣ್ಯ, ತಗೊಂಡವನು ತಲೆ ತಗ್ಗಿಸಿ ಹೋಗಬೇಕು. ಆಮೇಲೆ ಕೆಲವು ದೇಶಗಳಲ್ಲಿ ಆಯಾ ಊರಿನ ಬಡವರನ್ನ ಆಯಾ ಊರೇ ನೋಡಿಕೊಳ್ಳಬೇಕು ಅಂತ ಕಾನೂನು ಬಂತು. ಬಂತೇನೋ ಸರಿ, ತೋಳಿಗೆ ಬಡವ ಅಂತ ಗುರುತಿನ ಬಟ್ಟೆ ಹೊಲಿಸ್ತಿದ್ರು."

"ತೋಳಿಗಾ? ಎಲ್ಲರಿಗೂ ಕಾಣೋ ಹಾಗಾ?" ದರ್ಜಿಯಾದ ನನಗೆ ಅದು ಚುಚ್ಚಿತು. ಯಾರೋ ಕೂತು ಆ ಬಟ್ಟೆ ಹೊಲಿದಿರಬೇಕಲ್ಲ.

"ಎಲ್ಲರಿಗೂ ಕಾಣೋ ಹಾಗೆ. ಬಡವರಿಗೇ ಅಂತ ದೊಡ್ಡ ಮನೆಗಳನ್ನ ಕಟ್ಟಿದ್ರು. ಒಳಗೆ ಹೋದ್ರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ಜನ ಹೆದರಿ ದೂರ ಇರಲಿ ಅಂತಲೇ ಹಾಗೆ ಮಾಡಿದ್ದು. ಅದಾದ ಮೇಲೆ ಬಂದವರು ಪುಸ್ತಕದ ಹೆಂಗಸರು. ಯಾರು ಒಳ್ಳೇ ಬಡವರು, ಯಾರು ಸೋಮಾರಿ ಬಡವರು ಅಂತ ಜರಡಿ ಹಿಡಿಯೋರು."

"ಅದೇ ಅವಳೇ!" ಎಂದರು ದೊಡ್ಡಮ್ಮ.

"ಆದ್ರೆ ಮನೆ ಮನೆ ಸುತ್ತಿದವರಲ್ಲಿ ಕೆಲವರಿಗೆ ಕಣ್ಣು ತೆರೀತು ದೊಡ್ಡಮ್ಮ. ಇವರು ಸೋಮಾರಿಗಳಲ್ಲ, ಹದಿನಾಲ್ಕು ಗಂಟೆ ದುಡೀತಾರೆ. ತಪ್ಪು ಇವರ ಮನೇಲಿಲ್ಲ, ಯಂತ್ರಕ್ಕೆ ಕೈ ಸಿಗದ ಹಾಗೆ ತಡೆ ಇಲ್ಲ, ಕುಡಿಯೋ ನೀರು ಕೊಳಕು, ಕೂಲಿ ಸಾಲದು ಅಂತ ಗೊತ್ತಾಯ್ತು. ಕೆಲವರು ಅದೇ ಬೀದಿಗಳಲ್ಲಿ ಮನೆ ಮಾಡಿ ಇದ್ದುಬಿಟ್ರು. ಯಾವ ಕೋಣೇಲಿ ಎಷ್ಟು ಜನ ಮಲಗ್ತಾರೆ, ಯಾವ ಕಾರ್ಖಾನೇಲಿ ಎಷ್ಟು ಬೆರಳು ಹೋಗಿವೆ ಅಂತ ಎಣಿಸಿ ಸರ್ಕಾರದ ಮುಂದಿಟ್ರು. ಈ ಕೆಲಸ ಕಲಿಸೋಕೆ ಶಾಲೆಗಳೂ ಬಂದ್ವು."

"ಅವರು ಹೇಳಿದ ತಕ್ಷಣ ಸರ್ಕಾರ ಪರಿಹಾರ ಕೊಟ್ಟುಬಿಡ್ತಾ?" ಬಡಗಿ ನಡುವೆ ಬಾಯಿ ಹಾಕಿದ.

"ಎಲ್ಲಿ ಕೊಡುತ್ತೆ! ನಿಮ್ಮಂಥ ಕೆಲಸಗಾರರು ಮೊದಲೇ ಶುರು ಮಾಡಿದ್ರು. ವಾರಕ್ಕೊಂದಿಷ್ಟು ದುಡ್ಡು ಒಟ್ಟಿಗೆ ಹಾಕೋದು, ಯಾರಿಗೆ ಪೆಟ್ಟಾಯ್ತೋ ಅವರ ಮನೆ ಅದರಿಂದ ನಡೆಯೋದು. ಅದೇ ಆಮೇಲೆ ಕಾನೂನಾಯ್ತು. ಅದಕ್ಕೆ ಬೀದಿಗಿಳಿದು ಹೋರಾಡಿದವರು, ಜೈಲು ಕಂಡವರು ಎಷ್ಟೋ ಜನ. ಎಲ್ಲಾ ಕಡೆ ಒಂದೇ ಸಲ ಬರಲಿಲ್ಲ. ಇವತ್ತಿಗೂ ಪೂರ್ತಿ ಬರದ ಜಾಗಗಳಿವೆ."

ದೊಡ್ಡಮ್ಮ ಹುಬ್ಬು ಗಂಟಿಕ್ಕಿ ಯೋಚಿಸಿದರು. "ಹಾಗಾದ್ರೆ ನನ್ನ ಮಗನಿಗೆ ಬರೋದು ಭಿಕ್ಷೆ ಅಲ್ಲ ಅಂತೀಯಾ?"

"ಅಲ್ಲವೇ ಅಲ್ಲ. ನಿಮ್ಮ ಡಬ್ಬ ತುಂಬಿದ್ರೂ ಬರುತ್ತೆ, ಖಾಲಿ ಇದ್ರೂ ಬರುತ್ತೆ. ಕೆಲಸದಲ್ಲಿ ಕೈಗೆ ಪೆಟ್ಟಾಯ್ತಾ, ಅಷ್ಟೇ ಪ್ರಶ್ನೆ. ಆದ್ರೆ ಪೆಟ್ಟಾಗಿ ಮೂವತ್ತು ದಿನದೊಳಗೆ ಅರ್ಜಿ ಹಾಕಬೇಕು. ಇನ್ನು ಹನ್ನೆರಡೇ ದಿನ ಉಳಿದಿರೋದು. ಸೋಮವಾರ ಇವರು ಕೆಲಸಕ್ಕೆ ಹೋದ್ರೆ ಕೈ ವಾಸಿಯಾಯ್ತು ಅಂತ ಲೆಕ್ಕ. ಬರೋ ದುಡ್ಡೂ ನಿಲ್ಲುತ್ತೆ, ಬೆರಳೂ ಹೋಗುತ್ತೆ."

ಹೀಗೆಂದು ಅವಳು ತನ್ನ ಪುಸ್ತಕವನ್ನು ದೊಡ್ಡಮ್ಮನ ಕೈಗೆ ಕೊಟ್ಟಳು.

"ಓದಿ. ನಿಮ್ಮ ಮನೆಯವರ ಬಗ್ಗೆ ಏನು ಬರೆದಿದ್ದೀನಿ ಅಂತ ಓದೋಕೆ ನಿಮ್ಮ ಮಗನಿಗೆ ಹಕ್ಕಿದೆ. ತಪ್ಪಿದ್ರೆ ತಿದ್ದಿಸಿ. ಆ ಕಾಲದ ಹೆಂಗಸು ಪುಸ್ತಕ ಯಾರಿಗೂ ತೋರಿಸ್ತಿರಲಿಲ್ಲ."

ದೊಡ್ಡಮ್ಮ ಮಗನ ಮುಖ ನೋಡಿದರು. ಅವನು ತಲೆಯಾಡಿಸಿದ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದತೊಡಗಿದರು. ಗಡಿಯಾರ, ಪರದೆ, ಡಬ್ಬ ಯಾವುದೂ ಅದರಲ್ಲಿರಲಿಲ್ಲ. ಯಾವ ಬೆರಳು, ಎಷ್ಟು ಬಾಗುತ್ತದೆ, ಆಸ್ಪತ್ರೆಗೆ ಬಸ್ಸು ಸಿಗುತ್ತದೆಯೇ, ಯಂತ್ರಕ್ಕೆ ತಡೆ ಇತ್ತೇ, ಇಷ್ಟೇ ಇತ್ತು. ಒಂದು ಕಡೆ ಅವರ ಬೆರಳು ನಿಂತಿತು.

"ತಪ್ಪು ಬರೆದಿದ್ದೀಯ."

ನಾನು ಬಗ್ಗಿ ಪುಸ್ತಕದೊಳಗೆ ಇಣುಕಿದೆ.

"ಬರೀ ಕಾರ್ಮಿಕ ಅಂತ ಹಾಕಿದ್ದೀಯಲ್ಲ. ನನ್ನ ಮಗ ಕುರ್ಚಿಯ ಬೆನ್ನಿಗೆ ಬಳ್ಳಿ ಕೆತ್ತುವವನು. ಕೆತ್ತೋದಕ್ಕೆ ಮೂರು ಬೆರಳೂ ಬೇಕು. ಅದನ್ನ ಬರಿ."

ಸಮಾಜ ಕಾರ್ಯಕರ್ತೆ ಪೆನ್ನು ತೆಗೆದು ಹಾಗೆಯೇ ಬರೆದಳು. ಆ ಒಂದು ಮಾತಿನಿಂದ ವ್ಯಾಯಾಮದ ಕ್ರಮವೇ ಬದಲಾಗುತ್ತದೆ, ಚಿಕ್ಕ ಉಳಿ ಹಿಡಿಯುವುದನ್ನೂ ಕಲಿಸುತ್ತಾರೆ ಎಂದಳು. ಬಡಗಿ ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿದ. ಸೋಮವಾರ ಅವನು ಹೋದದ್ದು ಆಸ್ಪತ್ರೆಗೆ, ಕಾರ್ಖಾನೆಗಲ್ಲ. ಕಾರ್ಖಾನೆಯವರು ಆ ಯಂತ್ರಕ್ಕೆ ತಡೆ ಹಾಕಿಸಿದ್ದು ಎರಡು ತಿಂಗಳ ನಂತರ, ಅದೂ ಕೆಲಸಗಾರರೆಲ್ಲ ಸೇರಿ ಕೇಳಿದ ಮೇಲೆ.

ಮೂರು ತಿಂಗಳೆಂದದ್ದು ನಾಲ್ಕಾಯಿತು. ಒಂದು ಮಧ್ಯಾಹ್ನ ಹೊಲಿದ ರವಿಕೆ ಕೊಡಲು ಕೆಳಗೆ ಹೋಗಿದ್ದೆ. ದೊಡ್ಡಮ್ಮ ಕೂದಲು ಬಿಚ್ಚಿಕೊಂಡು ಕಿಟಕಿಯ ಹತ್ತಿರ ಕೂತಿದ್ದರು. ಮಗನನ್ನು ಕರೆದು ಬಾಚಣಿಗೆಯನ್ನು ಅವನ ಬಲಗೈಗೆ ಕೊಟ್ಟರು.

"ಬಾಚು."

"ಅಮ್ಮಾ, ನನಗೆಲ್ಲಿ ಬರುತ್ತೆ..."

"ಬಾಚೋ ಅಂದ್ರೆ."

ಮೂರು ಬೆರಳು ಮೆಲ್ಲಗೆ ಮಡಚಿ ಬಾಚಣಿಗೆ ಹಿಡಿದವು. ಮಧ್ಯದ ಬೆರಳು ಸ್ವಲ್ಪ ನಡುಗಿತು. ನೆತ್ತಿಯಿಂದ ತುದಿಯವರೆಗೆ ಒಂದು ಸಲ ಎಳೆದ, ಮತ್ತೆ ಬೆರಳು ಬಿಚ್ಚಿದ. ಪೂರ್ತಿ ಬಿಚ್ಚಿದ. ದೊಡ್ಡಮ್ಮ ಹಿಂದಕ್ಕೆ ತಿರುಗಿ ಆ ಅಂಗೈಯನ್ನು ನೋಡಿದರು, ತಮ್ಮ ಕೆನ್ನೆಗೆ ಒತ್ತಿಕೊಂಡು ಅತ್ತುಬಿಟ್ಟರು. ನಾನೂ ಅತ್ತೆ, ರವಿಕೆ ಕೊಡುವುದನ್ನೇ ಮರೆತೆ.

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಣ್ಣ, ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಕೆಲಸ ಮಾಡುವಾಗ ಪೆಟ್ಟಾದವರು ಇದ್ದಾರೆಯೇ? ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ಆ ಕೈಯೇ ಹೋದರೆ ಯಾವ ಮೊಸರು? ಮರ್ಯಾದೆಗೆ ಅಂಜಿ ಡಬ್ಬಕ್ಕೆ ಹೊಟ್ಟು ತುಂಬಬೇಡಿ. ಇಂದೇ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಹುಡುಕಿ. ನಮ್ಮೂರಿನ ಕಾನೂನಿನಲ್ಲಿ ಏನಿದೆ, ಅರ್ಜಿಗೆ ಕೊನೆಯ ದಿನ ಯಾವುದು ಎಂದು ಕೇಳಿ. ನಿಮ್ಮ ಬಗ್ಗೆ ಬರೆದದ್ದನ್ನು ಓದಿ ತೋರಿಸಿ ಎನ್ನಿ, ತಪ್ಪಿದ್ದರೆ ಬೆರಳಿಟ್ಟು ತೋರಿಸಿ. ನಿಮಗಿಂತ ಮುಂಚೆ ಎಷ್ಟೋ ಜನ ತೋಳಿಗೆ ಗುರುತಿನ ಬಟ್ಟೆ ಕಟ್ಟಿಕೊಂಡು, ಮಕ್ಕಳನ್ನು ಕಳೆದುಕೊಂಡು, ಜೈಲಿಗೆ ಹೋಗಿ ಇದನ್ನು ನಿಮಗಾಗಿ ಗಳಿಸಿಟ್ಟಿದ್ದಾರೆ. ಕೇಳದೆ ಕೂತರೆ ಅವರ ಕಷ್ಟ ನೀರುಪಾಲು.

ನನ್ನ ಗಡಿಯಾರ ಇನ್ನೂ ಕೆಳಗಿನ ಮನೆಯ ಗೋಡೆಯಲ್ಲೇ ಇದೆ. ವಾಪಸು ಕೇಳಿದಾಗಲೆಲ್ಲ ದೊಡ್ಡಮ್ಮ, "ಮಗ ವ್ಯಾಯಾಮದ ಹೊತ್ತು ನೋಡ್ಕೋಬೇಕು, ಇರ್ಲಿ ಬಿಡೇ ಹುಡುಗಿ" ಎನ್ನುತ್ತಾರೆ. ಇರಲಿ. ಕೇಳುವುದನ್ನಂತೂ ನಾನು ಬಿಡುವುದಿಲ್ಲ.